ಹಿತ್ತಿಲಿನಲ್ಲಿ ಜೇಕು: ಕರಾವಳಿಯ ಮನೆತೋಟಕ್ಕೆ ನಾಡ ಜೌಗುಸಸ್ಯಗಳ ಸಮಗ್ರ ಮಾರ್ಗದರ್ಶಿ

ಉಡುಪಿ, ಮಂಗಳೂರಿನ ನರ್ಸರಿಗಳಲ್ಲಿ ನೀರಿನಲ್ಲಿ ಬೆಳೆಯುವ ಹುಲ್ಲಿನಂಥ ಗಿಡ ಕೇಳಿದರೆ ಹೆಚ್ಚಾಗಿ ಕೊಡೆಯ ಹಾಗೆ ಎಲೆ ಬಿಚ್ಚಿಕೊಂಡ ಒಂದು ಗಿಡವನ್ನು ತಂದು ಮುಂದಿಡುತ್ತಾರೆ. ಅಂಬ್ರೆಲಾ ಪಾಮ್ ಎಂದು ಹೆಸರು. ಅದು ಪಾಮ್ ಅಲ್ಲ, ಮಡಗಾಸ್ಕರ್ ಮತ್ತು ಆಫ್ರಿಕಾ ಕಡೆಯ ಜೇಕು, ಅಂದರೆ ಹುಲ್ಲಿನಂತೆ ಕಂಡರೂ ಹುಲ್ಲಲ್ಲದ ಗಿಡ (ಸೆಡ್ಜ್). ಪಪೈರಸ್ ಕೂಡ ಆಫ್ರಿಕಾದ್ದೇ. ಸೈಪರಸ್ ಹ್ಯಾಸ್ಪನ್ ಎಂಬ ಚೀಟಿ ಅಂಟಿಸಿಕೊಂಡು ಬರುವ ಕುಳ್ಳ ಪಪೈರಸ್ ಅನೇಕ ಸಲ ಆಫ್ರಿಕಾದ ಬೇರೊಂದು ಜಾತಿಯಾಗಿರುತ್ತದೆ, ನಿಜವಾದ ಹ್ಯಾಸ್ಪನ್ ನಮ್ಮ ಗದ್ದೆಯಂಚಿನಲ್ಲೇ ಇರುತ್ತದೆ. ರಸ್ತೆಬದಿಯ ತೋಡಿನಲ್ಲಿ ನಾಲ್ಕೈದು ಜಾತಿಯ ನಾಡ ಜೇಕು ಯಾರೂ ನೆಡದೆ ಮಳೆಗಾಲವಿಡೀ ಸೊಂಪಾಗಿ ಬೆಳೆಯುತ್ತದೆ. ಅದಕ್ಕೆ ನಾವು ಕಳೆನಾಶಕ ಹೊಡೆಯುತ್ತೇವೆ.

ಜೇಕು ಬೆಳೆಸುವುದು ಕಷ್ಟದ ಕೆಲಸವಲ್ಲ. ಎಡವುವುದೆಲ್ಲ ಆಯ್ಕೆಯಲ್ಲಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿದುಹೋಗುತ್ತದೆ. ಡಿಸೆಂಬರ್ ಕಳೆದರೆ ಮೇ ತನಕ ಅದೇ ನೆಲ ಬಾಯಿ ಬಿರಿಯುತ್ತದೆ. ನಾಡ ಜೇಕುಗಳು ಈ ಎರಡಕ್ಕೂ ಒಗ್ಗಿದವು. ಆದರೆ ಒಂದೊಂದು ಜಾತಿಯೂ ಒಗ್ಗಿರುವುದು ಇಂತಿಷ್ಟು ತಿಂಗಳ ನೀರಿಗೆ. ನಿಮ್ಮ ಜಾಗದಲ್ಲಿ ನೀರು ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡು ಆಮೇಲೆ ಗಿಡ ಹುಡುಕಿದರೆ ಅರ್ಧ ಕೆಲಸ ಮುಗಿಯಿತು.

ಹುಲ್ಲೋ, ಜೇಕೋ?

ಬುಡದಿಂದ ಒಂದು ಗೇಣು ಮೇಲೆ ಕಾಂಡವನ್ನು ಎರಡು ಬೆರಳುಗಳ ನಡುವೆ ಹಿಡಿದು ಹೊರಳಿಸಿ. ಮೂರು ಮೂಲೆ ಬೆರಳಿಗೆ ತಾಗಿದರೆ ಅದು ಬಹುತೇಕ ಜೇಕು. ಅಡ್ಡಕ್ಕೆ ಕೊಯ್ದು ನೋಡಿದರೆ ಒಳಗೆ ಬೆಂಡಿನಂಥ ತಿರುಳು ತುಂಬಿರುತ್ತದೆ. ಹುಲ್ಲಿನ ಕಾಂಡ ದುಂಡಗೆ, ಗೆಣ್ಣುಗೆಣ್ಣಾಗಿ, ಗೆಣ್ಣುಗಳ ನಡುವೆ ಸಾಮಾನ್ಯವಾಗಿ ಟೊಳ್ಳಾಗಿರುತ್ತದೆ. ಮೇಲಿನಿಂದ ಬಗ್ಗಿ ನೋಡಿದರೆ ಜೇಕಿನ ಎಲೆಗಳು ಮೂರು ದಿಕ್ಕಿಗೆ ಹೊರಟಿರುತ್ತವೆ, ಹುಲ್ಲಿನವು ಎರಡೇ ದಿಕ್ಕಿಗೆ. ಇದಕ್ಕೆ ಅಪವಾದವೂ ಇದೆ. ಎಲಿಯೋಕಾರಿಸ್ ಕುಲದ ಜೇಕುಗಳಲ್ಲಿ ಎಲೆಯೇ ಕಾಣುವುದಿಲ್ಲ, ಬರೀ ಹಸಿರು ಕಡ್ಡಿಗಳು, ಹೆಚ್ಚಿನವು ದುಂಡನೆಯವು. ಅವುಗಳಲ್ಲಿ ದಪ್ಪ ಕಡ್ಡಿಯ ಜಾತಿಯನ್ನು ಬೆರಳಿನಿಂದ ಒತ್ತುತ್ತಾ ಹೋದರೆ ಒಳಗಿನ ಅಡ್ಡಪರದೆಗಳು ಒಂದೊಂದಾಗಿ ಒಡೆಯುವುದು ಗೊತ್ತಾಗುತ್ತದೆ. ಲಾವಂಚ ಹುಲ್ಲಿನ ಜಾತಿಯದು. ಕಂದು ಕದಿರು ಬಿಡುವ ಆಪು ಇವೆರಡಕ್ಕೂ ಸೇರಿದ್ದಲ್ಲ.

ಜೇಕು ಎಂದು ಖಾತ್ರಿಯಾದ ಮೇಲೆ ಬುಡವನ್ನು ಬಗೆದು ನೋಡಿ. ಬೇರಿನ ದಾರದಲ್ಲಿ ಕಪ್ಪು ಕಪ್ಪು ಗಡ್ಡೆಗಳು ಮಣಿಯಂತೆ ಪೋಣಿಸಿಕೊಂಡಿದ್ದು, ಜಜ್ಜಿದಾಗ ಘಮ್ಮೆಂದರೆ ಅದು ಕೊನ್ನಾರಿ, ಅಂದರೆ ಆಯುರ್ವೇದದ ಭದ್ರಮುಷ್ಟಿ. ಔಷಧಿಗೆ ಒಳ್ಳೆಯದೇ ಇರಬಹುದು, ತೋಟಕ್ಕೆ ಮಾತ್ರ ತರಬೇಡಿ. ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿಯಲ್ಲಿ ಇದರ ಹೆಸರು ಮೊದಲ ಸಾಲಿನಲ್ಲೇ ಇದೆ. ಒಂದು ಗಡ್ಡೆ ಉಳಿದರೂ ಮತ್ತೆ ಸರಪಳಿ ಹಬ್ಬುತ್ತದೆ. ಬೇಕೇ ಬೇಕು ಎನ್ನುವವರು ತಳ ತೂತಿಲ್ಲದ ಕುಂಡದಲ್ಲಿ, ಸಿಮೆಂಟು ನೆಲದ ಮೇಲೆ ಇಟ್ಟುಕೊಳ್ಳಲಿ.

ಬೈಲು, ಮಜಲು, ಬೆಟ್ಟು

ನಮ್ಮ ಹಿರಿಯರು ಗದ್ದೆಗಳನ್ನು ನೀರು ನೋಡಿಯೇ ಮೂರು ಬಗೆ ಮಾಡಿದ್ದರು. ತಗ್ಗಿನಲ್ಲಿ ನೀರು ತುಂಬ ಕಾಲ ನಿಲ್ಲುವ ಬೈಲು ಗದ್ದೆ, ನಡುವಿನ ಮಜಲು, ಮಳೆ ನಿಂತ ಕೂಡಲೇ ಒಣಗುವ ಬೆಟ್ಟು ಗದ್ದೆ. ಹತ್ತು ಸೆಂಟ್ಸ್ ಹಿತ್ತಿಲಿಗೂ ಈ ಲೆಕ್ಕ ಸಾಕು. ಮಳೆಗಾಲದಲ್ಲಿ ಒಮ್ಮೆ ಕೊಡೆ ಹಿಡಿದು ಅಂಗಳ ಸುತ್ತಿ, ಮಾಡಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ಆದರೆ ತೀರ್ಮಾನವನ್ನು ಆಗಲೇ ಮಾಡಬೇಡಿ, ಜುಲೈಯಲ್ಲಿ ಎಲ್ಲ ಗುಂಡಿಯೂ ಕೆರೆಯೇ. ಅಕ್ಟೋಬರ್‌ನಲ್ಲಿ ನಾಲ್ಕು ದಿನ ಮಳೆ ಬಿಟ್ಟ ಮೇಲೆ ಒಂದಡಿ ಗುಂಡಿ ತೋಡಿ, ಎರಡು ಕೊಡಪಾನ ನೀರು ಸುರಿದು, ಮರುದಿನ ಬೆಳಿಗ್ಗೆ ನೋಡಿ. ನೀರು ಉಳಿದಿದ್ದರೆ ಅದು ಬೈಲು. ನೀರು ಇಂಗಿ ಮಣ್ಣು ಮಾತ್ರ ಕೆಸರಾಗಿದ್ದರೆ ಮಜಲು. ಗಂಟೆಯೊಳಗೆ ಖಾಲಿಯಾದರೆ ಬೆಟ್ಟು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಹೆಚ್ಚಾಗಿ ಆಗುವುದು ಮೂರನೆಯದೇ, ಏಕೆಂದರೆ ಆ ಕಲ್ಲೇ ತೂತುತೂತು. ಗದ್ದೆಗೆ ಮಣ್ಣು ತುಂಬಿಸಿ ಕಟ್ಟಿದ ಮನೆಗಳಲ್ಲಿ ಮೂಲೆಯೊಂದರಲ್ಲಾದರೂ ಹಳೆಯ ಬೈಲು ಉಳಿದುಕೊಂಡಿರುತ್ತದೆ.

ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೇಕು. ತೆಂಗಿನ ಮರಗಳ ನಡುವಿನ ಚದುರಿದ ಬಿಸಿಲು ನಡೆಯುತ್ತದೆ, ಹಲಸಿನ ಮರದ ಕೆಳಗಿನ ಕತ್ತಲೆ ನಡೆಯುವುದಿಲ್ಲ. ಮನೆಯ ಅಡಿಪಾಯದಿಂದ ಹತ್ತಡಿ ದೂರವಿರಲಿ. ಕುಡಿಯುವ ನೀರಿನ ಬಾವಿ ಮತ್ತು ಶೌಚಗುಂಡಿಗಳಿಂದ ಇನ್ನೂ ದೂರ.

ಯಾವುದು ಎಲ್ಲಿಗೆ

ಬೈಲಿನ ಜಾಗಕ್ಕೆ ನನ್ನ ಮೊದಲ ಆಯ್ಕೆ ಎಲಿಯೋಕಾರಿಸ್ ಡಲ್ಸಿಸ್. ಮೊಣಕಾಲೆತ್ತರಕ್ಕೂ ಮಿಕ್ಕಿ ಬೆಳೆಯುವ ಹಸಿರು ಕಡ್ಡಿಗಳ ಗುಂಪು ಗಾಳಿಗೆ ಒಟ್ಟಾಗಿ ಬಾಗುವುದೇ ಚಂದ. ಚೀನೀ ಅಡುಗೆಯ ವಾಟರ್ ಚೆಸ್ಟ್‌ನಟ್ ಇದೇ ಜಾತಿಯ ಕೃಷಿ ತಳಿ, ಕಾಡು ತಳಿಯ ಗಡ್ಡೆ ಸಣ್ಣದು. ಇದರ ಜತೆಗೆ ಸ್ಕೀನೊಪ್ಲೆಕ್ಟಿಯೆಲ್ಲಾ ಆರ್ಟಿಕ್ಯುಲೇಟಾ ಹೊಂದುತ್ತದೆ. ಇದಕ್ಕೂ ಎಲೆಯಿಲ್ಲ, ಹೂಗೊಂಚಲು ಕಡ್ಡಿಯ ತುದಿಯಲ್ಲಿ ಬಾರದೆ ನಡುವೆ, ಪಕ್ಕದಲ್ಲಿ ಅಂಟಿಕೊಂಡಂತೆ ಬರುತ್ತದೆ. ಆಳೆತ್ತರಕ್ಕೆ ಬೆಳೆಯುವ, ಚೂಪು ಮೂಲೆಯ ಆಕ್ಟಿನೋಸ್ಕಿರ್ಪಸ್ ಗ್ರೋಸಸ್ ನೋಡಲು ಭವ್ಯ. ಆದರೆ ಸಣ್ಣ ಹಿತ್ತಿಲನ್ನು ಎರಡೇ ಮಳೆಗಾಲದಲ್ಲಿ ನುಂಗಿಬಿಡಬಲ್ಲದು, ಅದನ್ನು ದೊಡ್ಡ ಟಬ್ಬಿನೊಳಗೇ ಬೆಳೆಸಬೇಕು.

ಕಲ್ಯಾಣಪುರ, ಹಂಗಾರಕಟ್ಟೆ, ಉಳ್ಳಾಲದ ಹಿನ್ನೀರಿನ ಬದಿಯವರಿಗೆ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವುದು ಹೊಸತಲ್ಲ. ಅಂಥ ಜಾಗದಲ್ಲಿ ಮೇಲೆ ಹೇಳಿದವು ಸೊರಗುತ್ತವೆ. ಅಲ್ಲಿಗೆ ಸೈಪರಸ್ ಮಲಾಕೆನ್ಸಿಸ್ ಸರಿ. ಅಳಿವೆಯ ಕೆಸರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಆಸುಪಾಸಿನಲ್ಲಿ ಬೆಳೆಯುವ ಜೇಕು ಅದು, ಸಪ್ಪೆ–ಉಪ್ಪು ನೀರಿನ ಏರಿಳಿತವನ್ನು ತಡೆದುಕೊಳ್ಳುತ್ತದೆ.

ಮಜಲಿನ ಜಾಗದಲ್ಲಿ ಆಯ್ಕೆಗೆ ಬರವಿಲ್ಲ. ಫಿಂಬ್ರಿಸ್ಟೈಲಿಸ್ ಲಿಟ್ಟೊರಾಲಿಸ್ ನಮ್ಮ ಗದ್ದೆಗಳಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಬುಡ ಬೀಸಣಿಗೆಯಂತೆ ಚಪ್ಪಟೆ, ತುದಿಯಲ್ಲಿ ಕೂದಲೆಳೆಯ ಕಡ್ಡಿಗಳ ಮೇಲೆ ಕಂದು ಬಣ್ಣದ ಸಣ್ಣ ಸಣ್ಣ ಗುಂಡುಗಳು. ಸೆಪ್ಟೆಂಬರ್‌ನ ಬೆಳಗಿನಲ್ಲಿ ಆ ಗುಂಡುಗಳ ಮೇಲೆ ನೀರಹನಿ ಕೂತಾಗ ಯಾವ ವಿದೇಶಿ ಹುಲ್ಲೂ ಇದರ ಮುಂದೆ ನಿಲ್ಲುವುದಿಲ್ಲ ಎಂಬುದು ನನ್ನ ಪಕ್ಷಪಾತ. ಸೈಪರಸ್ ಹ್ಯಾಸ್ಪನ್, ಫ್ಯುಯಿರೆನಾ ಸಿಲಿಯಾರಿಸ್ ಕೂಡ ಇಲ್ಲಿಗೇ. ಹಿಂದುಗಡೆ ಎತ್ತರ ಬೇಕಿದ್ದರೆ ರಿಂಕೋಸ್ಪೋರಾ ಕೋರಿಂಬೋಸಾ ನೆಡಬಹುದು, ಅಂಚು ಕೈ ಕೊಯ್ಯುತ್ತದೆ, ಮಕ್ಕಳು ಓಡಾಡುವ ಕಡೆ ಬೇಡ. ಬೆಟ್ಟಿನ ಅಂಚಿಗೆ ಬಿಳಿ ಗುಂಡಿಯಂಥ ಹೂವಿನ ಕಿಲ್ಲಿಂಜಾ ನೆಮೊರಾಲಿಸ್, ಮರಳು ನೆಲವಿದ್ದರೆ ಬಲ್ಬೊಸ್ಟೈಲಿಸ್ ಬಾರ್ಬಾಟಾ.

ಪಕ್ಕದಲ್ಲಿ ಯಾರಾದರೂ ಭತ್ತ ಬೆಳೆಯುತ್ತಿದ್ದರೆ ಸೈಪರಸ್ ಇರಿಯಾ, ಸೈಪರಸ್ ಡಿಫಾರ್ಮಿಸ್ ತರಬಾರದು. ಅವು ಒಂದೇ ಹಂಗಾಮಿನಲ್ಲಿ ಲೆಕ್ಕವಿಲ್ಲದಷ್ಟು ಬೀಜ ಉದುರಿಸುತ್ತವೆ, ಏಣಿಲು (ಮಳೆಗಾಲದ ಭತ್ತದ) ಬೆಳೆಗೆ ಕಳೆ ಕೀಳುವವರ ಬೈಗುಳ ನಿಮಗೇ ಬರುತ್ತದೆ. ಲಿಟ್ಟೊರಾಲಿಸ್ ಕೂಡ ಗದ್ದೆಯವರ ಲೆಕ್ಕದಲ್ಲಿ ಕಳೆಯೇ. ಗದ್ದೆ ಹತ್ತಿರವಿದ್ದರೆ ಅದರ ತೆನೆಗಳನ್ನು ಬೀಜ ಉದುರುವ ಮೊದಲೇ ಕತ್ತರಿಸಿಬಿಡಿ.

ಗಿಡ ತರುವ ಬಗೆ

ಹಣ ಕೊಟ್ಟು ಕೊಳ್ಳಬೇಕಾದ ಗಿಡ ಇದಲ್ಲ. ಹಡಿಲು ಬಿದ್ದ ಗದ್ದೆಯ ಯಜಮಾನರನ್ನು ಕೇಳಿದರೆ ಬೇಕಾದಷ್ಟು ಕೊಂಡುಹೋಗಿ ಎನ್ನುತ್ತಾರೆ. ಕೇಳದೆ ಇಳಿಯಬೇಡಿ. ನಾಟಿಯ ನಂತರ ಕಳೆ ಕಿತ್ತು ಬದುವಿಗೆ ಎಸೆಯುವ ದಿನ ಹೋದರೆ ಅಗೆಯುವ ಕೆಲಸವೂ ಉಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ತೋಡಿನ ಹೂಳೆತ್ತುವಾಗಲೂ ಬುಟ್ಟಿಗಟ್ಟಲೆ ಬುಡ ಸಿಗುತ್ತದೆ. ನಾಗಬನದಿಂದ ಒಂದು ಎಲೆಯನ್ನೂ ಕೀಳಬೇಡಿ, ನಂಬಿಕೆ ಇರಲಿ ಇಲ್ಲದಿರಲಿ, ಊರಿನಲ್ಲಿ ಉಳಿದ ಕೊನೆಯ ತೇವದ ಕಾಡು ಅನೇಕ ಕಡೆ ಅದೊಂದೇ. ಮಳೆಗಾಲದಲ್ಲಿ ಮುರಕಲ್ಲಿನ ಪಾರೆಗಳ ಮೇಲೆ ಮೂಡುವ ಪುಟ್ಟ ಹೊಂಡಗಳ ಗಿಡಗಳನ್ನೂ ಮುಟ್ಟಬೇಡಿ. ಅಲ್ಲಿ ಬೇರೆಲ್ಲೂ ಬದುಕದ ಜಾತಿಗಳಿರುತ್ತವೆ, ಹಿತ್ತಿಲಿಗೆ ತಂದರೆ ಹೇಗೂ ಸಾಯುತ್ತವೆ.

ತೆಗೆಯುವಾಗ ಇಡೀ ಬುಡವನ್ನು ಅಗೆಯಬೇಕಿಲ್ಲ. ಅಂಚಿನಿಂದ ಬೊಗಸೆಯಷ್ಟು, ಮೂರು ನಾಲ್ಕು ಕುಡಿ ಮತ್ತು ಅವುಗಳ ಅಡಿಯ ಬೇರುಕಾಂಡ ಬಂದರೆ ಸಾಕು. ಮೇಲಿನದನ್ನು ಗೇಣುದ್ದಕ್ಕೆ ಕತ್ತರಿಸಿ, ಒದ್ದೆ ಗೋಣಿಯಲ್ಲೋ ಅಡಿಕೆ ಹಾಳೆಯಲ್ಲೋ ಸುತ್ತಿ ತನ್ನಿ. ದಾರಿಯಲ್ಲಿ ಬೇರು ಒಣಗಿದರೆ ವಾರಗಟ್ಟಲೆ ಚೇತರಿಸಿಕೊಳ್ಳುವುದಿಲ್ಲ. ಮನೆಗೆ ತಂದ ಮೇಲೆ ಬೇರಿನ ಮಣ್ಣನ್ನು ಒಂದು ಬಕೆಟ್ ನೀರಿನಲ್ಲಿ ಪೂರ್ತಿ ತೊಳೆಯಿರಿ. ನೀರಿನ ಮೇಲೆ ಹಬ್ಬುವ ಕಳೆ ಸಾಲ್ವಿನಿಯಾದ ಒಂದು ಚೂರು, ಕೊನ್ನಾರಿಯ ಒಂದು ಗಡ್ಡೆ ಹೀಗೆಯೇ ಮನೆ ಸೇರುವುದು. ತೊಳೆದ ನೀರನ್ನು ತೋಡಿಗೆ ಚೆಲ್ಲದೆ ಒಣ ನೆಲಕ್ಕೆ ಸುರಿಯಿರಿ.

ಇನ್ನೊಂದು ದಾರಿ ನನಗೆ ಇದಕ್ಕಿಂತ ಇಷ್ಟ. ಏಪ್ರಿಲ್‌ನಲ್ಲಿ ಬೈಲು ಗದ್ದೆಯ ಒಣ ಮಣ್ಣನ್ನು, ಮೇಲಿನ ಎರಡು ಇಂಚು ಮಾತ್ರ, ಒಂದು ಬುಟ್ಟಿ ತನ್ನಿ. ಹೆಂಟೆ ಒಡೆದು, ತಳ ತೂತಿರುವ ಅಗಲ ತಟ್ಟೆಯಲ್ಲಿ ಒಂದಿಂಚು ದಪ್ಪಕ್ಕೆ ಹರಡಿ, ಆ ತಟ್ಟೆಯನ್ನು ನೀರಿರುವ ಇನ್ನೊಂದು ತಟ್ಟೆಯೊಳಗೆ ಇಟ್ಟು ಬಿಸಿಲಿಗೆ ಬಿಡಿ. ಜೇಕಿನ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಬೆಳಕು, ತೇವ, ಬಿಸಿ ಮೂರೂ ಒಟ್ಟಿಗೆ ಸಿಕ್ಕಿದರೆ ಒಂದೆರಡು ವಾರದಲ್ಲಿ ಹಸಿರು ಕೂದಲು ಹೊರಟಂತೆ ಮೊಳೆಯುತ್ತದೆ. ಏನೇನು ಬರುತ್ತದೆ ಎಂದು ಮೊದಲೇ ಹೇಳಲಾಗದು, ಹುಲ್ಲು, ಜೇಕು, ನೀಲಿ ಹೂವಿನ ಮೊನೊಕೋರಿಯಾ, ಎಲ್ಲವೂ ಕಲಸುಮೇಲೋಗರ. ಎರಡು ಇಂಚು ಬೆಳೆದಾಗ ಮೂರು ದಿಕ್ಕಿನ ಎಲೆಯ ಪರೀಕ್ಷೆ ಮಾಡಿ ಜೇಕುಗಳನ್ನು ಬೇರೆ ಮಾಡಿ, ಸಣ್ಣ ಕುಂಡಗಳಲ್ಲಿ ಹೂ ಬಿಡುವ ತನಕ ಬೆಳೆಸಿ. ಹೂ ನೋಡದೆ ಜಾತಿ ಹೇಳುವುದು ಪಂಡಿತರಿಗೂ ಕಷ್ಟ. ಬೇಡದ್ದನ್ನು ಆಗಲೇ ಕಿತ್ತುಹಾಕಬಹುದು.

ಕೊಯ್ದ ತೆನೆಯಿಂದ ಬಿತ್ತುವವರೂ ಒಂದು ವಿಷಯ ನೆನಪಿಡಬೇಕು: ಬೀಜವನ್ನು ಮಣ್ಣಿನಿಂದ ಮುಚ್ಚಬಾರದು. ಧೂಳಿನಂಥ ಬೀಜಕ್ಕೆ ಸಣ್ಣ ಮರಳು ಬೆರೆಸಿ, ಕೆಸರಿನ ಮೇಲೆ ಉದುರಿಸಿ ಸುಮ್ಮನಿರಿ. ಸುರಿಮಳೆ ನೇರ ಬೀಳದಂತೆ ಮರೆ ಇರಲಿ.

ಗುಂಡಿ

ಎಂಟಡಿ ಉದ್ದ, ಐದಡಿ ಅಗಲದ ಗುಂಡಿ ಒಂದು ಮನೆಗೆ ಧಾರಾಳವಾಯಿತು. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದೊಳಗೆ, ಅಗೆತ ಮುಗಿದಿರಬೇಕು. ಮಳೆ ಹಿಡಿದ ಮೇಲೆ ಪಿಕ್ಕಾಸು ಹಿಡಿದರೆ ಬರೀ ಕೆಸರಾಟ. ನಡುವೆ ಒಂದೂವರೆ ಅಡಿ, ಸುತ್ತ ಒಂದಡಿಯ ಮೆಟ್ಟಿಲು, ಹೊರ ಅಂಚು ಅರ್ಧ ಅಡಿ, ಹೀಗೆ ಇಳಿಜಾರಾಗಿ ತೋಡಿ. ಅಂಚನ್ನು ಕಡಿದಂತೆ ನೇರ ಮಾಡಬೇಡಿ, ಬಿದ್ದ ಓತಿಕೇತವೋ ಕಪ್ಪೆಮರಿಯೋ ಹತ್ತಿ ಬರುವಂತಿರಬೇಕು.

ನೀರು ನಿಲ್ಲದ ನೆಲವಾದರೆ ನಡುವಿನ ಭಾಗಕ್ಕೂ ಮೆಟ್ಟಿಲಿಗೂ ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಹಾಳೆ ಹಾಸಿ, 200 ಜಿಎಸ್‌ಎಂಗಿಂತ (ಚದರ ಮೀಟರಿಗೆ 200 ಗ್ರಾಂ) ತೆಳುವಾದದ್ದು ಬೇಡ. ಹಾಳೆಯಡಿ ಹಳೆಯ ಗೋಣಿಚೀಲ ಹಾಸದಿದ್ದರೆ ಮುರಕಲ್ಲಿನ ಮೊನೆ ತೂತು ಮಾಡುತ್ತದೆ. ಹೊರ ಅಂಚಿಗೆ ಹಾಳೆ ಬೇಡ, ಅದು ಬೆಟ್ಟಾಗಿಯೇ ಇರಲಿ. ಜೇಡಿಮಣ್ಣು ಹತ್ತಿರದಲ್ಲೇ ಸಿಗುವವರು ಹಾಳೆಯ ಬದಲು ನಾಲ್ಕಿಂಚು ಮಣ್ಣನ್ನು ಕಾಲಿನಿಂದ ತುಳಿದು ಮೆತ್ತಬಹುದು. ಅದು ಬೇಸಿಗೆಯಲ್ಲಿ ಬಿರಿಯುತ್ತದೆ, ಪ್ರತಿ ಮೇ ತಿಂಗಳು ಮತ್ತೆ ತುಳಿಯಬೇಕು.

ಒಳಗೆ ತುಂಬಲು ಎರಡು ಪಾಲು ಗದ್ದೆ ಮಣ್ಣು, ಒಂದು ಪಾಲು ದಪ್ಪ ಮರಳು. ಹಟ್ಟಿ ಗೊಬ್ಬರ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ, ಹಾಕಬೇಡಿ. ನಿಂತ ನೀರಿನಲ್ಲಿ ಹಸಿ ಸಗಣಿ ಕೊಳೆತು ವಾಸನೆ ಬರುತ್ತದೆ, ಪಾಚಿ ಕಟ್ಟುತ್ತದೆ, ಜೇಕು ಉದ್ದುದ್ದ ಬೆಳೆದು ಮೊದಲ ಗಾಳಿಗೇ ಮಲಗುತ್ತದೆ. ತೆಂಗಿನ ನಾರಿನ ಹುಡಿಯೂ ಬೇಡ, ತೇಲುತ್ತದೆ. ನಡುವೆ ಒಂದಡಿ ಮಣ್ಣು ತುಂಬಿದ ಮೇಲೆ ಅರ್ಧ ಅಡಿ ಖಾಲಿ ಉಳಿಯಬೇಕು.

ಹೆಚ್ಚುವರಿ ನೀರಿನ ದಾರಿಯನ್ನು ಮಾತ್ರ ಮರೆಯಲೇಬಾರದು. ಸಾವಿರ ಚದರ ಅಡಿ ಮಾಡಿನ ಮೇಲೆ ಒಂದು ದಿನದಲ್ಲಿ 100 ಮಿ.ಮೀ. ಮಳೆ ಬಿದ್ದರೆ, ಜುಲೈಯಲ್ಲಿ ಅದೇನೂ ಅಪರೂಪವಲ್ಲ, ಒಂಬತ್ತು ಸಾವಿರ ಲೀಟರಿಗೂ ಮಿಕ್ಕಿ ನೀರು ಇಳಿಯುತ್ತದೆ. ನಮ್ಮ ಗುಂಡಿ ನಾಲ್ಕೈದು ನೂರು ಲೀಟರಿಗೇ ತುಂಬುತ್ತದೆ. ಹಾಗಾಗಿ ಮಾಡಿನ ಒಂದು ಮೂಲೆಯ ನೀರನ್ನಷ್ಟೇ ಇದಕ್ಕೆ ಬಿಡಿ. ತಗ್ಗಿನ ಬದಿಯಲ್ಲಿ ಒಂದಡಿ ಅಗಲದ ಕಾಲುವೆ ಕಡಿದು, ಕೊಚ್ಚಿ ಹೋಗದಂತೆ ಒಡೆದ ಮಂಗಳೂರು ಹಂಚುಗಳನ್ನು ಹಾಸಿ, ತೋಡಿಗೋ ಇಂಗುಗುಂಡಿಗೋ ಸೇರಿಸಿ. ನೆರೆಮನೆಯ ಕಾಂಪೌಂಡಿಗೆ ತಿರುಗಿಸಿದರೆ ಜಗಳ ಖಚಿತ.

ನೆಲವಿಲ್ಲದ ಫ್ಲ್ಯಾಟಿನವರಿಗೆ ಐವತ್ತು ಲೀಟರಿನ ಪ್ಲಾಸ್ಟಿಕ್ ಟಬ್ ಸಾಕು. ಹಳೆಯ ಮನೆಗಳಲ್ಲಿ ಹಟ್ಟಿಯ ಕಲ್ಲಿನ ಮರಿಗೆ ಮೂಲೆಯಲ್ಲಿ ಬಿದ್ದಿರುತ್ತದೆ, ಅದಕ್ಕಿಂತ ಚೆಂದದ ಪಾತ್ರೆ ಇಲ್ಲ. ಟಬ್ಬಿನ ತಳಕ್ಕೆ ತೂತು ಬೇಡ. ಪಕ್ಕದಲ್ಲಿ, ಮಣ್ಣಿನ ಮಟ್ಟಕ್ಕೆ ಸರಿಯಾಗಿ ಒಂದು ತೂತು ಕೊರೆಯಿರಿ. ಎಷ್ಟೇ ಮಳೆ ಸುರಿದರೂ ಮಣ್ಣು ಪೂರ್ತಿ ತೋಯ್ದಿರುತ್ತದೆ, ಮೇಲೆ ನೀರು ನಿಲ್ಲುವುದಿಲ್ಲ. ಮಜಲಿನ ಜೇಕುಗಳಿಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ.

ನಾಟಿ

ಮೊದಲ ಎರಡು ಮೂರು ಮಳೆಗೆ ಮಣ್ಣು ತೋಯ್ದು ಕುಳಿತ ಮೇಲೆ ನೆಡಿ. ಕುಡಿಯ ಬುಡ ಮಣ್ಣಿನ ಮಟ್ಟದಲ್ಲೇ ಇರಬೇಕು, ಆಳಕ್ಕೆ ಹೂತರೆ ಕೊಳೆಯುತ್ತದೆ. ಬುಡದಿಂದ ಬುಡಕ್ಕೆ ಒಂದು ಗೇಣು ಅಂತರ, ಎತ್ತರದ ಜಾತಿಗೆ ಎರಡು ಗೇಣು. ಒಂದು ಜಾತಿಯನ್ನು ಐದಾರು ಬುಡಗಳ ಗುಂಪಾಗಿ ನೆಟ್ಟರೆ ಕಣ್ಣಿಗೂ ಹಿತ, ಕಳೆ ಗುರುತಿಸುವುದಕ್ಕೂ ಸುಲಭ. ಮೊದಲ ಎರಡು ವಾರ ಹೊಸ ಕುಡಿಯ ತಲೆ ಮುಳುಗಬಾರದು. ಜೋರು ಮಳೆಯಲ್ಲಿ ಅದನ್ನು ತಡೆಯಲು ಹೆಚ್ಚುವರಿ ನೀರಿನ ಕಾಲುವೆಯನ್ನು ತಾತ್ಕಾಲಿಕವಾಗಿ ಒಂದೆರಡು ಇಂಚು ತಗ್ಗಿಸಿ, ಬೇರು ಹಿಡಿದ ಮೇಲೆ ಏರಿಸಿ. ಆಮೇಲೆ ಬೈಲಿನಲ್ಲಿ ಮೂರು ನಾಲ್ಕಿಂಚು ನೀರು ನಿಂತರೂ ತೊಂದರೆಯಿಲ್ಲ.

ಹೊರ ಅಂಚಿನ ಖಾಲಿ ಜಾಗದಲ್ಲಿ ತಿಮರೆ (ಒಂದೆಲಗ) ಹಬ್ಬಿಸಿ. ಮಣ್ಣು ಹಿಡಿದಿಡುತ್ತದೆ, ಚಟ್ನಿಗೂ ತಂಬುಳಿಗೂ ಆಗುತ್ತದೆ. ಬಚ್ಚಲು ನೀರನ್ನೋ ರಸ್ತೆ ನೀರನ್ನೋ ಗುಂಡಿಗೆ ಬಿಟ್ಟವರು ಮಾತ್ರ ಅಲ್ಲಿಯ ತಿಮರೆ ತಿನ್ನಬಾರದು.

ಸೊಳ್ಳೆ

ಮಂಗಳೂರು ದಶಕಗಳಿಂದ ಮಲೇರಿಯಾದ ಜತೆ ಗುದ್ದಾಡುತ್ತಾ ಬಂದ ಊರು, ಈಗ ಡೆಂಗ್ಯೂ ಭಯವೂ ಸೇರಿದೆ. ಹಾಗಾಗಿ ನೆರೆಯವರು ಆಕ್ಷೇಪಿಸಿದರೆ ಅದು ನ್ಯಾಯವೇ. ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಟಬ್ಬುಗಳಲ್ಲಿ ನೀರು ಕಾಣಲೇಬಾರದು, ಮಣ್ಣಿನ ಮೇಲೆ ಒಂದಿಂಚು ಸಣ್ಣ ಜಲ್ಲಿ ಹರಡಿದರೆ ಮೊಟ್ಟೆಯಿಡಲು ಜಾಗವೇ ಇರುವುದಿಲ್ಲ. ನೀರು ನಿಲ್ಲುವ ಗುಂಡಿಗೆ ಮೀನು ಬಿಡಿ. ಗಪ್ಪಿ, ಗ್ಯಾಂಬೂಸಿಯಾ ಹೊರದೇಶದವು, ಉಕ್ಕಿದ ನೀರಿನೊಂದಿಗೆ ತೋಡು ಸೇರಿ ಅಲ್ಲಿನ ಕಪ್ಪೆಮರಿಗಳನ್ನೂ ಮೀನುಮರಿಗಳನ್ನೂ ತಿನ್ನುತ್ತವೆ. ನಮ್ಮ ತೋಡುಗಳಲ್ಲೇ ನೀರಿನ ಮೇಲ್ಮೈಯಲ್ಲಿ ತೇಲುವ, ನೆತ್ತಿಯಲ್ಲಿ ಬೆಳ್ಳಿ ಚುಕ್ಕಿ ಹೊಳೆಯುವ ಸಣ್ಣ ಮೀನೊಂದಿದೆ, ಅಪ್ಲೊಕೈಲಸ್ ಕುಲದ್ದು. ಸೊಳ್ಳೆಮರಿ ಅದರ ಇಷ್ಟದ ಊಟ. ಬಟ್ಟೆಯಲ್ಲಿ ಸೋಸಿ ಏಳೆಂಟು ತಂದರೆ ಸಾಕು. ಗುಂಡಿ ಬತ್ತುವ ಮೊದಲು ಅವನ್ನು ತೋಡಿಗೋ ಬಾವಿಗೋ ದಾಟಿಸಬೇಕು. ಏರೋಪ್ಲೇನ್ ಚಿಟ್ಟೆಯ ಮರಿಗಳೂ ನೀರಿನಡಿಯಲ್ಲಿ ಇದೇ ಬೇಟೆ ಆಡುತ್ತವೆ. ಅವು ಹೊರಬರಲು ಕಡ್ಡಿಯೊಂದು ಬೇಕು, ಜೇಕಿನ ಕಾಂಡ ಅದಕ್ಕೆ ತಕ್ಕದ್ದು.

ಕಪ್ಪೆ ಬಂದರೆ ನೀರುಹಾವೂ ಬರುತ್ತದೆ. ಅದಕ್ಕೆ ವಿಷವಿಲ್ಲ. ಆದರೂ ಎತ್ತರದ ಜೇಕು ಬಾಗಿಲು, ಕಾಲುದಾರಿ, ಬಟ್ಟೆ ಒಣಗಿಸುವ ಜಾಗಗಳಿಂದ ಐದಡಿ ದೂರವಿರಲಿ, ಕತ್ತಲೆಯಲ್ಲಿ ಟಾರ್ಚ್ ಇಲ್ಲದೆ ಅತ್ತ ಹೋಗಬೇಡಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಮಣ್ಣನ್ನು ಇನ್ನಷ್ಟು ತುಂಬಿಸಿ ನೀರು ಒಂದಿಂಚಿಗಿಂತ ಹೆಚ್ಚು ನಿಲ್ಲದಂತೆ ಮಾಡುವುದೇ ಸರಿ.

ಮಳೆ ಹೋದ ಮೇಲೆ

ನವೆಂಬರ್ ಕಳೆದು ಅಂಚಿನ ಜೇಕು ಹಳದಿಯಾಗತೊಡಗಿದಾಗ ಅನೇಕರು ಗಾಬರಿಯಾಗಿ ಪೈಪು ಹಿಡಿಯುತ್ತಾರೆ. ಬೇಡ. ಗಡ್ಡೆಯಿರುವವು ಮಣ್ಣಿನೊಳಗೆ ಮಲಗುತ್ತವೆ, ಒಂದೇ ವರ್ಷದ ಜಾತಿಗಳು ಬೀಜ ಉದುರಿಸಿ ಸಾಯುತ್ತವೆ. ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನ ನೀರಿನ ಮಟ್ಟವನ್ನು ಉಡುಪಿಯವರೂ ತುಂಬೆಯ ಮಟ್ಟವನ್ನು ಮಂಗಳೂರಿನವರೂ ದಿನಾ ಪತ್ರಿಕೆಯಲ್ಲಿ ಓದುವಾಗ ಜೇಕಿಗೆ ನಲ್ಲಿ ನೀರು ಬಿಡುವುದು ಸಭ್ಯತೆಯೂ ಅಲ್ಲ. ಬೇಸಿಗೆಯಲ್ಲಿ ದಿನಕ್ಕೆ ಸುಮಾರು 5 ಮಿ.ಮೀ. ನೀರು ಆವಿಯಾಗುತ್ತದೆ ಎಂದಿಟ್ಟರೂ ನಮ್ಮ ಗುಂಡಿಗೆ ದಿನಕ್ಕೆ ಹದಿನೆಂಟು ಲೀಟರ್ ಸುರಿಯುತ್ತಲೇ ಇರಬೇಕು, ಗಿಡ ಕುಡಿಯುವುದು ಬೇರೆ. ಹಸಿರು ಬೇಕೇ ಬೇಕಾದರೆ ಒಂದು ಟಬ್ಬನ್ನು ಮಾತ್ರ ಅಕ್ಕಿ ತೊಳೆದ ನೀರು, ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಳಿಸಿಕೊಳ್ಳಿ.

ಜನವರಿಯಲ್ಲಿ ಒಣಗಿದ್ದನ್ನು ಕತ್ತಿಯಿಂದ ಒಂದು ಗೇಣು ಬಿಟ್ಟು ಕೊಯ್ಯಿರಿ. ಒಂದು ಮೂಲೆಯನ್ನು ಹಾಗೆಯೇ ಬಿಡುವುದು ಒಳ್ಳೆಯದು, ರಾಟವಾಳ ಹಕ್ಕಿಗಳು ಗೂಡಿಗೆ ಎಳೆ ಒಯ್ಯುತ್ತವೆ. ಬೀಜ ಉದುರಿದ ಮೇಲೆ ಕೊಯ್ದದ್ದನ್ನು ತೆಂಗಿನ ಬುಡಕ್ಕೆ ಮುಚ್ಚಿಗೆಯಾಗಿ ಹಾಕಬಹುದು, ಬೀಜವಿರುವುದನ್ನು ತರಕಾರಿ ಮಡಿಯ ಹತ್ತಿರ ಒಯ್ಯಬೇಡಿ. ಬೇಸಿಗೆಯಲ್ಲಿ ಇಲಿ, ಹೆಗ್ಗಣಗಳು ಎಲಿಯೋಕಾರಿಸ್‌ನ ಗಡ್ಡೆಗೆ ಬಗೆಯುತ್ತವೆ. ಕೋಳಿ ಸಾಕುವವರ ಮನೆಯಲ್ಲಿ ಅವೂ ಕೆದಕುತ್ತವೆ. ಮಣ್ಣಿನ ಮೇಲೆ ಹಳೆಯ ಮೀನಿನ ಬಲೆ ಹಾಸಿ, ಅಂಚಿಗೆ ಕಲ್ಲಿಟ್ಟರೆ ಎರಡರ ಕಾಟವೂ ತಪ್ಪುತ್ತದೆ. ಹಾವು ಸಿಕ್ಕಿಕೊಳ್ಳದಂತೆ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ಮಳೆಗೆ ಮುಂಚೆ ತೆಗೆದುಬಿಡಿ.

ಮೂರನೆಯ ಮೇ ತಿಂಗಳ ಹೊತ್ತಿಗೆ ಬುಡಗಳು ಒತ್ತೊತ್ತಾಗಿ, ನಡುವಿನವು ಸತ್ತು, ಅಂಚಿನವು ಮಾತ್ರ ಚಿಗುರುತ್ತಿರುತ್ತವೆ. ಆಗ ಮೂರನೇ ಒಂದು ಭಾಗವನ್ನು ಅಗೆದು ತೆಗೆದು, ಹೊರಗಿನ ಎಳೆಯ ಕುಡಿಗಳನ್ನು ನಡುವೆ ನೆಡಿ. ಮಿಕ್ಕ ಬುಡಗಳನ್ನು ಕೇಳಿದವರಿಗೆ ಕೊಡಿ, ಹೊಳೆಗೋ ಕೆರೆಗೋ ಎಸೆಯಬೇಡಿ. ಕೊಡುವಾಗ ಯಾವುದು ಬೈಲಿನದು, ಯಾವುದು ಮಜಲಿನದು ಎಂದು ಚೀಟಿ ಕಟ್ಟಿ ಕೊಡಿ.